ಹೊಲವನ್ನು ಬರೆದ ಚಿತ್ರಕಾರ ಕಾಮಿಲ್ ಪಿಸಾರೋ

ನಮ್ಮ ಹೈಸ್ಕೂಲಿನ ಚಿತ್ರಕಲೆಯ ಕೋಣೆಯಲ್ಲಿ, ಕರಿಹಲಗೆಯ ಎಡಗಡೆಗೆ, ಕಟ್ಟು ಹಾಕಿಸಿದ ಒಂದು ಮುದ್ರಿತ ಚಿತ್ರವು ಬಹುಕಾಲದಿಂದ ಇರುತ್ತದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಅದರ ನೆನಪು ಇದ್ದೀತು; ಇನ್ನನೇಕರು ವರ್ಷಗಟ್ಟಲೆ ಅದರ ಕೆಳಗೆ ಕುಳಿತೂ ಒಮ್ಮೆಯಾದರೂ ತಲೆಯೆತ್ತಿ ನೋಡದೆ ಹೋಗಿರಲೂಬಹುದು. ಅದರಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದೇ ಮೊದಲು ತೋರುವುದು. ಉತ್ತು ಬಿಟ್ಟ ಒಂದು ಹೊಲ. ಅದನ್ನು ಹಾಯ್ದು ಹೋಗುವ ಒಂದು ಹಾದಿ. ಬೆನ್ನಿನ ಮೇಲೆ ಪುಳ್ಳೆಯ ಹೊರೆಯನ್ನು ಹೊತ್ತು ಕೋಲೂರಿಕೊಂಡು ನಡೆಯುವ ಒಬ್ಬ ಹಳ್ಳಿಗ. ಮೇಲೆ ಚಳಿಗಾಲದ ತಿಳಿಯಾದ ಆಕಾಶ. ಅದರಲ್ಲಿ ಅರಸರಿಲ್ಲ, ರಣರಂಗವಿಲ್ಲ, ದೇವದೂತರಿಲ್ಲ, ಒಂದು ಹೂಗೊಂಚಲಾದರೂ ಇಲ್ಲ.

ಕೆಲವು ವರ್ಷಗಳ ಹಿಂದೆ ಪಾಲಕರ ಸಭೆಯ ದಿನ, ಖಾನಾಪುರ ತಾಲೂಕಿನ ಬೀಡಿಯ ಕಡೆಯಿಂದ ಬಂದಿದ್ದ ಒಬ್ಬ ರೈತ ಗೃಹಸ್ಥರು ಈ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಇಂಥ ನೋಟವನ್ನು ತಾವು ದಿನಾಲು ತಮ್ಮ ಹೊಲದಲ್ಲಿಯೇ ಕಾಣುತ್ತಿರುವುದಾಗಿಯೂ, ಮಗಳನ್ನು ಇಷ್ಟು ದೂರ ಓದಲು ಕಳುಹಿದ್ದು ಅದನ್ನೇ ಗೋಡೆಯ ಮೇಲೆ ನೋಡಲಿಕ್ಕಲ್ಲವೆಂದೂ ವಿನಯದಿಂದಲೇ ನಮಗೆ ತಿಳಿಸಿದರು. ಆ ಕ್ಷಣದಲ್ಲಿ ನಮಗೆ ತಕ್ಕ ಉತ್ತರವು ಹೊಳೆಯಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿದ್ದಿತು. ತಾವು ಹೊತ್ತ ಹೊರೆಯನ್ನು ಮಗಳು ಹೊರಬಾರದೆಂದು ಬೆವರು ಸುರಿಸಿ ದುಡಿಯುವ ತಂದೆಗೆ, ಹೊರೆ ಹೊತ್ತವನ ಚಿತ್ರದಲ್ಲಿ ಸೊಗಸು ಉಂಟೆಂದು ಹೇಳುವುದು ಸುಲಭವಲ್ಲ. ಅಂದು ಕೊಡಲಾರದ ಉತ್ತರವನ್ನು ಇಂದು ಈ ಸ್ಮರಣ ಸಂಚಿಕೆಯಲ್ಲಿ ಕೊಡಲು ಪ್ರಯತ್ನಿಸುವೆವು. ವಾದದಿಂದ ಹೇಳುವುದಕ್ಕಿಂತ ಆ ಚಿತ್ರವನ್ನು ಬರೆದವನ ಜೀವನವನ್ನು ಹೇಳುವುದೇ ಮೇಲೆಂದು ನಮಗೆ ತೋರುತ್ತದೆ.

ಚಿತ್ರಕಾರನ ಹೆಸರು ಕಾಮಿಲ್ ಪಿಸಾರೋ. ಈತನು 1830ನೆಯ ಇಸ್ವಿ ಜುಲೈ 10ರಂದು ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ಎಂಬ ಸಣ್ಣ ನಡುಗಡ್ಡೆಯಲ್ಲಿ ಹುಟ್ಟಿದನು. ಆ ನಡುಗಡ್ಡೆಯು ಆಗ ಡೆನ್ಮಾರ್ಕ್ ದೇಶದ ಅಧೀನದಲ್ಲಿದ್ದಿತು. ಮೊರೇವಿಯನ್ ಸಭೆಯ ಮಿಶನರಿಗಳು 1732ರಲ್ಲಿ ಗುಲಾಮರ ನಡುವೆ ಸುವಾರ್ತೆಯ ಸೇವೆಯನ್ನು ಆರಂಭಿಸಿದ್ದು ಇದೇ ಸ್ಥಳದಲ್ಲಿಯೇ ಎಂಬುದನ್ನು ಮಿಶನ್ನಿನ ಚರಿತ್ರೆಯನ್ನು ಓದಿದವರು ಬಲ್ಲರು. ಪಿಸಾರೋವಿನ ತಂದೆಯು ಪೋರ್ಚುಗಲ್ ಮೂಲದ ಯೆಹೂದ್ಯ ವರ್ತಕನು. ಆತನು ಫ್ರಾನ್ಸಿನಿಂದ ಬಂದು, ತೀರಿಹೋದ ತನ್ನ ಸೋದರಮಾವನ ವಿಧವೆಯನ್ನು ಮದುವೆಯಾದ ಕಾರಣ, ಅಲ್ಲಿಯ ಯೆಹೂದ್ಯ ಸಮಾಜವು ಕೆಲವು ವರ್ಷ ಆ ವಿವಾಹವನ್ನು ಒಪ್ಪದೆ ಹೋಯಿತು. ಹೀಗಾಗಿ ಮನೆಯ ಮಕ್ಕಳು ತಮ್ಮ ಜನರ ಸಾಲೆಯನ್ನು ಬಿಟ್ಟು, ಕರಿಯ ಜನರ ಮಕ್ಕಳ ಪ್ರಾಥಮಿಕ ಸಾಲೆಯಲ್ಲಿ ಅಕ್ಷರ ಕಲಿತರು. ದುಡಿಯುವವರ ಮಕ್ಕಳೊಡನೆ ಒಂದೇ ಮಣೆಯ ಮೇಲೆ ಕುಳಿತ ಆ ಬಾಲ್ಯವು, ಮುಂದೆ ಈ ಮನುಷ್ಯನು ಯಾರ ಕಡೆಗೆ ಮುಖ ತಿರುಗಿಸಿದನೆಂಬುದಕ್ಕೆ ಒಂದು ಕಾರಣವಾಗಿದ್ದೀತೆಂದು ನಾವು ಭಾವಿಸುವೆವು.

ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಪ್ಯಾರಿಸಿನ ಹತ್ತಿರದ ಪಾಸಿ ಎಂಬಲ್ಲಿಯ ವಸತಿಶಾಲೆಗೆ ಕಳುಹಿಸಿದರು. ಅಲ್ಲಿಯ ಮುಖ್ಯೋಪಾಧ್ಯಾಯರು ಹುಡುಗನ ಕೈಗುಣವನ್ನು ಗುರುತಿಸಿ, ಪುಸ್ತಕದ ಚಿತ್ರಗಳನ್ನು ನಕಲು ಮಾಡುವುದಕ್ಕಿಂತ ಕಣ್ಣೆದುರಿಗೆ ಇದ್ದುದನ್ನೇ ಬರೆಯಬೇಕೆಂದು ಪ್ರೋತ್ಸಾಹಿಸಿದರು. ಊರಿಗೆ ಮರಳುವಾಗ, ಅಲ್ಲಿಯ ತೆಂಗಿನ ಮರಗಳನ್ನು ಬರೆಯಲು ಮರೆಯಬೇಡವೆಂದು ಹೇಳಿ ಕಳುಹಿದರೆಂದು ಪ್ರತೀತಿಯುಂಟು. ಉಪಾಧ್ಯಾಯರ ಒಂದು ಮಾತು ಒಂದು ಜೀವನವನ್ನು ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದನ್ನು ನಾವು ಶಿಕ್ಷಕಿಯರು ಇಲ್ಲಿ ಗಮನಿಸಬೇಕು.

ಹದಿನೇಳನೆಯ ವಯಸ್ಸಿಗೆ ಮರಳಿದ ಮಗನನ್ನು ತಂದೆಯು ಬಂದರದಲ್ಲಿ ಸರಕಿನ ಲೆಕ್ಕ ಬರೆಯುವ ಕಾರಕೂನಿಕೆಗೆ ಹಚ್ಚಿದನು. ಹಡಗುಗಳಿಂದ ಮೂಟೆಗಳು ಇಳಿಯುವಾಗ ಲೆಕ್ಕ, ಬಿಡುವಿದ್ದಾಗ ಚಿತ್ರ. ಮೂಟೆ ಹೊರುವ ಆಳುಗಳು, ನೀರು ತರುವ ಹೆಂಗಸರು, ದಾರಿಯಲ್ಲಿ ನಿಂತು ಮಾತಾಡುವವರು, ಇವರೇ ಅವನ ಚಿತ್ರದ ವಿಷಯ. 1848ರಲ್ಲಿ ಆ ನಡುಗಡ್ಡೆಗಳಲ್ಲಿ ಗುಲಾಮಗಿರಿಯು ರದ್ದಾದಾಗ ಅವನಿಗೆ ಹದಿನೆಂಟು ತುಂಬುವುದರಲ್ಲಿದ್ದಿತು. ಐದು ವರ್ಷದ ಕಾರಕೂನಿಕೆಯ ತರುವಾಯ, 1852ರಲ್ಲಿ, ಫ್ರಿಟ್ಸ್ ಮೆಲ್ಬಿ ಎಂಬ ಡೇನಿಶ್ ಚಿತ್ರಕಾರನ ಸಂಗಡ ಅವನು ವೆನೆಜುವೆಲಾ ದೇಶಕ್ಕೆ ಹೊರಟುಹೋದನು. ಎರಡು ವರ್ಷ ಅಲ್ಲಿಯ ಪೇಟೆ, ಹಳ್ಳಿ, ಅಡಿಗೆಮನೆಗಳನ್ನು ಬರೆದನು. ಮಗನು ಲೆಕ್ಕದ ಪುಸ್ತಕಕ್ಕೆ ಒಗ್ಗುವವನಲ್ಲವೆಂದು ಕಡೆಗೆ ತಂದೆಗೂ ಮನವರಿಕೆಯಾಯಿತು. 1855ರಲ್ಲಿ ಪಿಸಾರೋ ಪ್ಯಾರಿಸಿಗೆ ಬಂದನು; ಹುಟ್ಟಿದ ನಡುಗಡ್ಡೆಯನ್ನು ಮತ್ತೆ ಕಾಣಲಿಲ್ಲ.

ಆ ಕಾಲದ ಪ್ಯಾರಿಸಿನಲ್ಲಿ ಚಿತ್ರಕಾರನ ಭಾಗ್ಯವೆಲ್ಲ ಸಲೋನ್ ಎಂಬ ದೊಡ್ಡ ಪ್ರದರ್ಶನದ ಕೈಯಲ್ಲಿದ್ದಿತು. ಅಲ್ಲಿಯ ಪರೀಕ್ಷಕರು ಒಪ್ಪಿದರೆ ಗಿರಾಕಿಗಳುಂಟು, ಒಪ್ಪದಿದ್ದರೆ ಉಪವಾಸ. ಅವರು ಮೆಚ್ಚುತ್ತಿದ್ದುದು ಪುರಾಣದ ಕಥೆಗಳನ್ನೂ ಯುದ್ಧಗಳನ್ನೂ ದೊಡ್ಡವರ ಮುಖಗಳನ್ನೂ. ಬರಿಯ ಹೊಲಮರಡಿಗಳ ಚಿತ್ರಕ್ಕೆ ಅಲ್ಲಿ ಕೆಳಗಿನ ಸ್ಥಾನ. ಪಿಸಾರೋ ಹಿರಿಯ ಚಿತ್ರಕಾರನಾದ ಕೊರೋ ಎಂಬವನಿಂದ ಬಯಲಿಗೆ ಹೋಗಿ ನೋಡಿ ಬರೆಯುವ ಬುದ್ಧಿವಾದವನ್ನು ಪಡೆದನು. 1859ರಲ್ಲಿ ಅವನ ಒಂದು ಭೂದೃಶ್ಯವನ್ನು ಸಲೋನಿನವರು ಒಪ್ಪಿಕೊಂಡರು. ಆಮೇಲೆ ಒಮ್ಮೆ ಒಪ್ಪಿಗೆ, ಒಮ್ಮೆ ನಿರಾಕರಣೆ, ಹೀಗೆಯೇ ನಡೆಯಿತು. ಈ ವರ್ಷಗಳಲ್ಲಿಯೇ ಮೋನೆ, ಸೆಜಾನ್ ಮುಂತಾದ ಕಿರಿಯರ ಸ್ನೇಹವು ಬೆಳೆಯಿತು.

ಇವನ ಜೀವನದಲ್ಲಿ ಜೂಲಿ ವೆಲೇ ಎಂಬ ಸ್ತ್ರೀಯ ಹೆಸರನ್ನು ಬಿಟ್ಟು ಮುಂದಕ್ಕೆ ಹೋಗಲಾಗದು. ಈಕೆಯು ಬರ್ಗಂಡಿ ಪ್ರಾಂತದ ದ್ರಾಕ್ಷಿತೋಟದ ಒಕ್ಕಲಿಗರ ಮಗಳು. ಪಿಸಾರೋವಿನ ತಾಯಿಯ ಮನೆಯಲ್ಲಿ ಅಡಿಗೆಯ ಕೆಲಸಕ್ಕಿದ್ದಳು. ಮನೆಗೆಲಸದವಳನ್ನು ಸೊಸೆಯೆಂದು ಒಪ್ಪಲು ತಾಯಿಗೆ ಮನಸ್ಸಾಗದೆ, ಅವರ ವಿವಾಹವು ಹಲವು ವರ್ಷ ತಡೆದು, 1871ರಲ್ಲಿ ಇಂಗ್ಲೆಂಡಿನ ಕ್ರಾಯ್ಡನ್ ಎಂಬಲ್ಲಿ ನಡೆಯಿತು. ಜೂಲಿಯು ಎಂಟು ಮಕ್ಕಳನ್ನು ಹೆತ್ತಳು. ಚಿತ್ರಗಳು ಮಾರಾಟವಾಗದ ದಿನಗಳಲ್ಲಿ ಕಾಯಿಪಲ್ಯ ಬೆಳೆದು, ಕೋಳಿ ಮೊಲಗಳನ್ನು ಸಾಕಿ ಆ ಸಂಸಾರವನ್ನು ನಡೆಸಿದವಳು ಅವಳೇ. ಗಂಡನು ಹೊಲವನ್ನು ಬರೆಯುತ್ತಿದ್ದಾಗ ಹೆಂಡತಿಯು ಹೊಲವನ್ನು ಅಗೆಯುತ್ತಿದ್ದಳು. ಅವಳಿಗೆ ಚಿಂತೆಯೂ ಇದ್ದಿತು, ಕೋಪವೂ ಇದ್ದಿತು, ಅದು ಸಹಜವೇ. ಪಿಸಾರೋವಿನ ಕೀರ್ತಿಯನ್ನು ಹೇಳುವವರು ಅದರ ಬೆಲೆಯನ್ನು ತೆತ್ತವಳನ್ನು ಮರೆಯುವುದು ಧರ್ಮವಲ್ಲ.

1870ರಲ್ಲಿ ಫ್ರಾನ್ಸಿಗೂ ಪ್ರಶಿಯಾಕ್ಕೂ ಯುದ್ಧವು ಒದಗಿತು. ಆಗ ಪಿಸಾರೋ ಪ್ಯಾರಿಸಿನ ಪಡುವಲಿನ ಲೂವ್ಸಿಯೆನ್ ಗ್ರಾಮದಲ್ಲಿದ್ದನು. ಇಪ್ಪತ್ತು ವರ್ಷದ ಕೆಲಸವನ್ನೆಲ್ಲ ಮನೆಯಲ್ಲಿಯೇ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಡೆಗೆ ಲಂಡನ್ನಿಗೆ ಹೋದನು. ಪ್ರಶಿಯಾದ ಸೈನಿಕರು ಆ ಮನೆಯನ್ನು ಹಿಡಿದರು. ಅಲ್ಲಿ ಕುದುರೆಗಳನ್ನು ಕಟ್ಟಿದರು, ಕುರಿದನಗಳನ್ನು ಕೊಯ್ದರು; ಕಾಲಿಗೆ ಕೆಸರು ತಗುಲಬಾರದೆಂದು ಚಿತ್ರದ ಬಟ್ಟೆಗಳನ್ನು ತೋಟದ ನೆಲಕ್ಕೆ ಹಾಸಿದರು. 1871ರಲ್ಲಿ ಮರಳಿ ಬಂದು ನೋಡಿದಾಗ, ಸುಮಾರು 1,500 ಚಿತ್ರಗಳಲ್ಲಿ 40ರಷ್ಟು ಮಾತ್ರ ಉಳಿದಿದ್ದವು. ಆಗ ಅವನಿಗೆ ನಲವತ್ತೊಂದು ವರ್ಷ. ಬಹು ಜನರು ಇಂಥ ವಯಸ್ಸಿನಲ್ಲಿ ಇಂಥ ಪೆಟ್ಟು ತಿಂದು ಏಳಲಾರರು. ಪಿಸಾರೋ ಪೊಂತ್ವಾಜ್ ಎಂಬ ಊರಿಗೆ ಹೋಗಿ ಮನೆ ಮಾಡಿ, ಮತ್ತೆ ಮೊದಲಿನಿಂದ ಆರಂಭಿಸಿದನು.

ನಮ್ಮ ಕೋಣೆಯ ಚಿತ್ರವು ಈ ಎರಡನೆಯ ಆರಂಭಕ್ಕೆ ಸೇರಿದುದು. ಬಿಳಿ ಮಂಜು ಎಂಬ ಅರ್ಥದ ಹೆಸರನ್ನು ಅದಕ್ಕೆ ಇಟ್ಟಿದ್ದಾನೆ. ಪೊಂತ್ವಾಜಿನಿಂದ ಎನರಿ ಎಂಬ ಹಳ್ಳಿಗೆ ಹೋಗುವ ಹಳೆಯ ಹಾದಿಯ ಬಳಿಯಲ್ಲಿ 1873ರಲ್ಲಿ ಇದನ್ನು ಬರೆದನು. ಮೂಲಚಿತ್ರವು ಸುಮಾರು ಎರಡು ಅಡಿ ಎತ್ತರ, ಮೂರು ಅಡಿ ಅಗಲವಾಗಿದ್ದು ಈಗ ಪ್ಯಾರಿಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿದೆ. ರಾತ್ರಿಯ ಇಬ್ಬನಿಯು ಹೆಪ್ಪುಗಟ್ಟಿ ಹೊಲವೆಲ್ಲ ಬೆಳ್ಳಗಾಗಿರುವ ಹೊತ್ತು. ಬಿಸಿಲು ಈಗ ತಾನೇ ಬಿದ್ದು ಆ ಬಿಳುಪು ಕರಗುವುದರಲ್ಲಿದೆ. ನೇಗಿಲ ಸಾಲುಗಳು ಓರೆಯಾಗಿ ಓಡುತ್ತವೆ. ಅವುಗಳ ಮೇಲೆ ಅಡ್ಡಲಾಗಿ ಉದ್ದುದ್ದ ನೆರಳುಗಳು ಬಿದ್ದಿವೆ.

ಇದನ್ನು ಪಿಸಾರೋ ಮೊದಲು ಪ್ರದರ್ಶಿಸಿದುದು 1874ರ ಏಪ್ರಿಲ್ 15ರಂದು ಪ್ಯಾರಿಸಿನಲ್ಲಿ ತೆರೆದ ಒಂದು ಹೊಸ ಪ್ರದರ್ಶನದಲ್ಲಿ. ಸಲೋನಿನ ಬಾಗಿಲು ಕಾದು ಬೇಸತ್ತ ಮೂವತ್ತು ಮಂದಿ ಚಿತ್ರಕಾರರು ತಮ್ಮದೇ ಒಂದು ಸಂಘವನ್ನು ಮಾಡಿಕೊಂಡು, ನಾದಾರ್ ಎಂಬ ಫೋಟೋಗ್ರಾಫರನು ಬಿಟ್ಟುಕೊಟ್ಟ ಕೋಣೆಗಳಲ್ಲಿ ಇದನ್ನು ಏರ್ಪಡಿಸಿದ್ದರು. ಸಂಘದ ನಿಯಮಗಳಿಗೆ ಪಿಸಾರೋ ಪೊಂತ್ವಾಜಿನ ರೊಟ್ಟಿ ಸುಡುವವರ ಸಂಘದ ನಿಯಮಗಳನ್ನು ಮಾದರಿಯಾಗಿ ತಂದನೆಂಬುದು ಅವನ ಸ್ವಭಾವಕ್ಕೆ ತಕ್ಕುದಾಗಿದೆ. ಮೋನೆ, ರೆನ್ವಾ, ದೆಗಾ, ಸಿಸ್ಲೆ, ಸೆಜಾನ್ ಇವರೊಡನೆ ಬೆರ್ಥ್ ಮೊರಿಸೋ ಎಂಬ ಸ್ತ್ರೀಯೂ ಅಲ್ಲಿ ತನ್ನ ಚಿತ್ರಗಳನ್ನು ಇಟ್ಟಿದ್ದಳು. ಆದರೆ ಪಿಸಾರೋವಿನ ಮನೆಯಲ್ಲಿ ಅದು ದುಃಖದ ತಿಂಗಳು. ಮಿನೆಟ್ ಎಂದು ಮುದ್ದಿನಿಂದ ಕರೆಯುತ್ತಿದ್ದ ಹಿರಿಯ ಮಗಳು, ಒಂಬತ್ತು ವರ್ಷವೂ ತುಂಬದವಳು, ಅದೇ ಏಪ್ರಿಲಿನಲ್ಲಿ ತೀರಿಕೊಂಡಿದ್ದಳು.

ಪ್ರದರ್ಶನವನ್ನು ನೋಡಲು ಜನರು ಬಂದರು. ನಕ್ಕು ಹೋದವರೇ ಹೆಚ್ಚು. ಲೆರ್ವಾ ಎಂಬ ಪತ್ರಿಕಾಕಾರನು ಮೋನೆಯ ಒಂದು ಚಿತ್ರದ ಹೆಸರನ್ನು ಹಿಡಿದು ಈ ಗುಂಪಿನವರನ್ನೆಲ್ಲ ಇಂಪ್ರೆಷನಿಸ್ಟರೆಂದು ಹಾಸ್ಯ ಮಾಡಿದನು. ಒಂದು ಗಳಿಗೆಯ ನೋಟವು ಮನಸ್ಸಿನ ಮೇಲೆ ಒತ್ತಿದ ಅಚ್ಚನ್ನು ಮಾತ್ರ ಬರೆಯುವವರು ಎಂದು ಆ ಹೆಸರಿನ ಭಾವ. ಅಣಕದ ಹೆಸರೇ ಮುಂದೆ ಗೌರವದ ಹೆಸರಾಗಿ ನಿಂತಿತು. ಪಿಸಾರೋವಿನ ಬಿಳಿ ಮಂಜನ್ನೂ ಅವನು ಬಿಡಲಿಲ್ಲ. ಕೊಳಕು ಬಟ್ಟೆಯ ಮೇಲೆ ಬಣ್ಣದ ಹಲಗೆಯನ್ನು ಕೆರೆದು ಒರೆಸಿದಂತೆ ಆ ನೇಗಿಲ ಸಾಲುಗಳು ಕಾಣುವವೆಂದು ಬರೆದನು. ಈ ಹೊಸಬರ ಪಕ್ಷವನ್ನು ಬಹುಮಟ್ಟಿಗೆ ವಹಿಸಿದ ಕಾಸ್ತಾನ್ಯಾರಿ ಎಂಬ ಇನ್ನೊಬ್ಬ ವಿಮರ್ಶಕನು ಬೇರೊಂದು ತಪ್ಪನ್ನು ಎತ್ತಿ ತೋರಿಸಿದನು: ಹೊಲದ ಮೇಲೆ ಮರಗಳ ನೆರಳು ಬಿದ್ದಿದೆ, ಆದರೆ ಮರಗಳು ಚಿತ್ರದಲ್ಲಿಲ್ಲ, ಚೌಕಟ್ಟಿನ ಹೊರಗಿನ ಮರಗಳ ನೆರಳನ್ನು ಒಳಗೆ ಬರೆಯುವುದು ದೋಷವೆಂದು ಅವನ ತೀರ್ಪು. ಈ ಆಕ್ಷೇಪವನ್ನು ವಾಚಕರು ನೆನಪಿನಲ್ಲಿಡಬೇಕು.

ಇಲ್ಲಿ ಈ ಚಿತ್ರವನ್ನು ನೋಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳುವುದು ಉಚಿತ. ತೀರ ಹತ್ತಿರ ನಿಂತರೆ ಬಣ್ಣದ ಗಿಡ್ಡ ಗಿಡ್ಡ ಗೀಟುಗಳು ಮಾತ್ರ ಕಾಣುವವು. ಹತ್ತು ಹೆಜ್ಜೆ ಹಿಂದಕ್ಕೆ ಸರಿದರೆ ಅವೇ ಮಣ್ಣಾಗಿ, ಹುಲ್ಲಾಗಿ, ಕರಗುವ ಇಬ್ಬನಿಯಾಗಿ ಕೂಡಿಕೊಳ್ಳುವವು. ಹಿಂದಿನವರು ನೆರಳನ್ನು ಕಂದು ಇಲ್ಲವೆ ಕಪ್ಪು ಬಣ್ಣದಿಂದ ಬರೆಯುತ್ತಿದ್ದರು. ಈ ಹೊಸಬರು ಬಯಲಲ್ಲಿ ನಿಂತು ನೋಡಿ, ನೆರಳಿಗೂ ಬಣ್ಣವುಂಟೆಂದು ಕಂಡರು; ಬಿಸಿಲು ಬೀಳದ ತಾಣಕ್ಕೆ ಆಕಾಶದ ನೀಲಿಯಾದರೂ ಬೀಳುತ್ತದಷ್ಟೆ. ಬಯಲಲ್ಲಿ ಕುಳಿತು ಎಣ್ಣೆಬಣ್ಣದಿಂದ ಬರೆಯುವುದು ಸುಲಭವಾದುದು 1841ರಲ್ಲಿ ತಗಡಿನ ಬಣ್ಣದ ನಳಿಗೆಗಳು ಬಂದ ಮೇಲೆಯೇ. ಅದಕ್ಕೆ ಮೊದಲು ಬಣ್ಣವನ್ನು ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯಬೇಕಾಗಿದ್ದಿತು.

ನಮ್ಮ ಮಕ್ಕಳಿಗೆ ಚಿತ್ರ ಬರೆಯಲು ಹೇಳಿದರೆ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದ ತುದಿಗೆ ಹಿಮ, ಇಷ್ಟನ್ನು ಬರೆದು ತರುವರು. ಹಿಮವನ್ನು ಅವರು ಕಂಡವರಲ್ಲ. ಖಾನಾಪುರದ ಕೆಂಪು ಹೆಂಚಿನ ಮನೆಯನ್ನಾಗಲಿ, ಬೀಡಿಯ ಬತ್ತದ ಗದ್ದೆಯನ್ನಾಗಲಿ, ಮಾಗಿಯ ಮುಂಜಾನೆ ಕೂಳೆಯ ಮೇಲೆ ಮಿನುಗುವ ಇಬ್ಬನಿಯನ್ನಾಗಲಿ ಅವರು ಬರೆಯುವುದಿಲ್ಲ. ಅದು ಬರೆಯತಕ್ಕ ವಸ್ತುವೆಂದು ಅವರಿಗೆ ಯಾರೂ ಹೇಳಿಲ್ಲ. ಕೆಂಪು ಮಣ್ಣಿನ ಹಾದಿಯ ಮೇಲೆ ಬೆಳಗಿನ ಹುಣಸೆಯ ಮರದ ನೆರಳು ಕಪ್ಪಾಗಿರದೆ ನೇರಳೆಯಾಗಿರುವುದನ್ನು ಒಮ್ಮೆ ನೋಡಿದ ಹುಡುಗಿಯು, ಪಿಸಾರೋ ಕಂಡುದು ಏನೆಂಬುದನ್ನು ಬಲ್ಲಳು.

ಪ್ರದರ್ಶನದ ತರುವಾಯ ಬಡತನವು ಇನ್ನೂ ಹೆಚ್ಚಿತು. ಮುರೆರ್ ಎಂಬ ಮಿಠಾಯಿ ಅಂಗಡಿಕಾರನು ಪಿಸಾರೋವಿಗೆ ಸಹಾಯವಾಗಲೆಂದು ಅವನ ಚಿತ್ರಗಳನ್ನು ಲಾಟರಿಗೆ ಇಟ್ಟನಂತೆ. ಒಂದು ಚಿತ್ರವನ್ನು ಗೆದ್ದ ಮನೆಗೆಲಸದ ಹುಡುಗಿಯು, ಅದರ ಬದಲಿಗೆ ತನಗೆ ಒಂದು ಕೆನೆಯ ರೊಟ್ಟಿಯನ್ನೇ ಕೊಡಬೇಕೆಂದು ಬೇಡಿದಳಂತೆ. ಈ ಕಥೆಯನ್ನು ಕೇಳಿ ನಗುವವರುಂಟು. ಹಸಿದ ಹುಡುಗಿಯು ತಪ್ಪು ಮಾಡಿದಳೆಂದು ನಾವಂತೂ ಹೇಳಲಾರೆವು. ಅದೇ ಪಿಸಾರೋ ಮುಂದೆ 1897ರಲ್ಲಿ ಬರೆದ ಪ್ಯಾರಿಸಿನ ಒಂದು ಬೀದಿಯ ಚಿತ್ರವು 2014ರಲ್ಲಿ ಲಂಡನ್ನಿನ ಹರಾಜಿನಲ್ಲಿ ಹತ್ತಿರ ಹತ್ತಿರ 2 ಕೋಟಿ ಪೌಂಡಿಗೆ ಮಾರಾಟವಾಯಿತು. ಆ ಹಣದಲ್ಲಿ ಒಂದು ಕಾಸೂ ಜೂಲಿಯ ಒಲೆಗೆ ಸೌದೆಯಾಗಲಿಲ್ಲ.

ಇಷ್ಟಾದರೂ ಅವನು ತನ್ನ ವಿಷಯವನ್ನು ಬಿಡಲಿಲ್ಲ. ಕೋಸಿನ ಮಡಿಗಳು, ಗೊಬ್ಬರದ ಗಾಡಿ, ಕುಯಿಲು, ಸಂತೆ, ಸೇಬುಹಣ್ಣನ್ನು ಉದುರಿಸುವವರು, ಕೈಯಲ್ಲಿ ಕಡ್ಡಿ ಹಿಡಿದು ದಂಡೆಯ ಮೇಲೆ ದಣಿವಾರಿಸಿಕೊಳ್ಳುವ ಹುಡುಗಿ, ಕಸ ಗುಡಿಸುವ ಕೆಲಸದವಳು, ಇವನ್ನೇ ಬರೆದನು. ಕೋಸು ಬರೆಯುವವನೆಂದು ಜನರು ಮೂಗು ಮುರಿದರು. ಇವನಿಗಿಂತ ಹಿರಿಯನಾದ ಮಿಲೆ ಎಂಬವನೂ ರೈತರನ್ನು ಬರೆದನು. ಆದರೆ ಮಿಲೆಯ ರೈತರು ಗುಡಿಯಲ್ಲಿ ನಿಲ್ಲಿಸಿದ ವಿಗ್ರಹಗಳ ಹಾಗೆ ಗಂಭೀರರು. ಪಿಸಾರೋವಿನ ರೈತರು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿರುವರು. ನಮ್ಮ ಮರುಕವನ್ನೂ ಅವರು ಬೇಡುವುದಿಲ್ಲ, ಹೊಗಳಿಕೆಯನ್ನೂ ಬೇಡುವುದಿಲ್ಲ. ಹೊರೆಯು ಭಾರವಾಗಿದೆ, ಬೆಳಗು ಸೊಗಸಾಗಿದೆ. ಎರಡೂ ನಿಜವೆಂದು ಹೇಳಿ ಅವನು ಸುಮ್ಮನಾಗುವನು.

ಗುರುವಾಗಿ ಅವನ ಗುಣವು ದೊಡ್ಡದು. ಸೆಜಾನನು ಪೊಂತ್ವಾಜಿನ ಸುತ್ತಿನಲ್ಲಿ ಅವನ ಪಕ್ಕದಲ್ಲಿಯೇ ನಿಂತು ಬರೆದು ಕಲಿತನು. ತಾನೇ ಪ್ರಸಿದ್ಧನಾದ ಮುಪ್ಪಿನ ಕಾಲದಲ್ಲಿಯೂ ಪ್ರದರ್ಶನದ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಪಿಸಾರೋವಿನ ಶಿಷ್ಯನೆಂದು ಬರೆಯಿಸಿದನು. ಗೊಗ್ಯಾನ್ ಎಂಬವನೂ ಇವನಿಂದಲೇ ಕಲಿತನು. ಮೇರಿ ಕಸ್ಸಾಟ್ ಎಂಬ ಅಮೇರಿಕನ್ ಚಿತ್ರಕಾರ್ತಿಯು, ಇವನು ಕಲ್ಲುಗಳಿಗೂ ಚಿತ್ರ ಕಲಿಸಬಲ್ಲನೆಂದು ಅಭಿಪ್ರಾಯಪಟ್ಟಿದ್ದಳು. ಅವನ ಐವರು ಗಂಡುಮಕ್ಕಳೂ ಚಿತ್ರಕಾರರಾದರು. ಈ ಗುರುಪರಂಪರೆಯ ಒಂದು ಎಳೆಯು ನಮ್ಮ ನಾಡಿಗೂ ಮುಟ್ಟಿದೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಕೆ. ಕೆ. ಹೆಬ್ಬಾರರು ತಮ್ಮ ಮೊದಲಿನ ಕಾಲದಲ್ಲಿ ಗೊಗ್ಯಾನನ ಚಿತ್ರಗಳಿಂದಲೂ ಅಮೃತಾ ಶೇರ್‌ಗಿಲ್ಲರ ಚಿತ್ರಗಳಿಂದಲೂ ಸ್ಫೂರ್ತಿಯನ್ನು ಪಡೆದು, ನಮ್ಮ ಹಳ್ಳಿಗರ ಬಾಳನ್ನೇ ಬರೆದರು.

ಇಂಪ್ರೆಷನಿಸ್ಟರು 1874ರಿಂದ 1886ರ ವರೆಗೆ ಎಂಟು ಪ್ರದರ್ಶನಗಳನ್ನು ನಡೆಸಿದರು. ಎಂಟರಲ್ಲಿಯೂ ಚಿತ್ರವಿಟ್ಟವನು ಪಿಸಾರೋ ಒಬ್ಬನೇ. ಒಬ್ಬರು ಮುನಿದರು, ಒಬ್ಬರು ಸಲೋನಿಗೆ ಮರಳಿದರು, ಒಬ್ಬರು ದೂರವಾದರು. ಎಲ್ಲರನ್ನೂ ಕೂಡಿಸಲು ಹೆಣಗಿದವನು ಈ ಹಿರಿಯನು. ಐವತ್ತೈದರ ವಯಸ್ಸಿನಲ್ಲಿ, ಸರಾ ಎಂಬ ಇಪ್ಪತ್ತೈದು ವರ್ಷದ ತರುಣನು ಚುಕ್ಕೆಗಳಿಂದ ಬಣ್ಣ ಕೂಡಿಸುವ ಹೊಸ ವಿಧಾನವನ್ನು ತಂದಾಗ, ನಾಚದೆ ಅವನಿಂದ ಕಲಿತು ಕೆಲವು ವರ್ಷ ಹಾಗೆಯೇ ಬರೆದನು. ತನ್ನ ಕೈಗೆ ಅದು ಒಗ್ಗದೆಂದು ಕಂಡ ಮೇಲೆ ಬಿಟ್ಟನು. ಕಲಿಯುವುದಕ್ಕೂ ಬಿಡುವುದಕ್ಕೂ ಬೇಕಾದ ವಿನಯವು ಅವನಲ್ಲಿದ್ದಿತು.

1884ರಲ್ಲಿ ಸಂಸಾರವು ಎರಾನ್ಯೀ ಎಂಬ ಹಳ್ಳಿಗೆ ಹೋಯಿತು. 1892ರಲ್ಲಿ ಆ ಮನೆಯು ಮಾರಾಟಕ್ಕೆ ಬಂದಿತು. ಗಂಡನು ಲಂಡನ್ನಿನಲ್ಲಿದ್ದಾಗ ಜೂಲಿಯೇ ಹೋಗಿ ಮೋನೆಯನ್ನು ಕೇಳಿ 15,000 ಫ್ರಾಂಕು ಸಾಲ ತಂದು ಮನೆಯನ್ನು ಉಳಿಸಿಕೊಂಡಳು. ಅದೇ ವರ್ಷ ದ್ಯುರಾನ್-ರೂಎಲ್ ಎಂಬ ವರ್ತಕನು ಏರ್ಪಡಿಸಿದ ದೊಡ್ಡ ಪ್ರದರ್ಶನದಿಂದ ಕಡೆಗೂ ಹೆಸರು ಬಂದಿತು. ಆಗ ಅವನಿಗೆ ಅರವತ್ತು ದಾಟಿದ್ದಿತು. ಅಷ್ಟರೊಳಗೆ ಕಣ್ಣಿನ ನೀರಿನ ನಾಳದ ಕೆಟ್ಟ ಬೇನೆಯು ಅಂಟಿಕೊಂಡು, ಗಾಳಿ ಧೂಳಿಗೆ ಹೊರಗೆ ಕುಳಿತು ಬರೆಯುವುದು ಅಸಾಧ್ಯವಾಯಿತು. ಬಯಲೇ ಬದುಕಾದವನಿಗೆ ಇದಕ್ಕಿಂತ ದೊಡ್ಡ ಕಷ್ಟ ಯಾವುದು? ಅವನು ರುವಾನ್, ಪ್ಯಾರಿಸ್, ಲ ಹಾವ್ರ್ ಪಟ್ಟಣಗಳಲ್ಲಿ ಹೊಟೆಲಿನ ಕೋಣೆಯನ್ನು ಹಿಡಿದು, ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಕುಳಿತು ಕೆಳಗಿನ ಸೇತುವೆ, ಬಂದರ, ಬೀದಿಗಳನ್ನು ಬರೆದನು. ಪ್ಯಾರಿಸಿನ ಒಂದೇ ಬೀದಿಯನ್ನು ಬೇರೆ ಬೇರೆ ಹೊತ್ತಿನಲ್ಲಿ 14 ಸಲ ಬರೆದನು.

ಆ ಮುಪ್ಪಿನಲ್ಲಿಯೇ ಇನ್ನೆರಡು ನೋವುಗಳು ಬಂದವು. 1897ರಲ್ಲಿ ಇಪ್ಪತ್ತಮೂರು ವರ್ಷದ ಮಗ ಫೆಲಿಕ್ಸನು ಕ್ಷಯದಿಂದ ತೀರಿಕೊಂಡನು. ಡ್ರೈಫಸ್ ಎಂಬ ಯೆಹೂದ್ಯ ಸೇನಾಧಿಕಾರಿಗೆ 1894ರಲ್ಲಿ ಆದ ಅನ್ಯಾಯದ ಶಿಕ್ಷೆಯ ವಿಷಯವಾಗಿ ಫ್ರಾನ್ಸ್ ಎರಡು ಪಕ್ಷವಾದಾಗ, ಯೆಹೂದ್ಯನೆಂಬ ಕಾರಣದಿಂದ ದೆಗಾ, ರೆನ್ವಾ ಮುಂತಾದ ಹಳೆಯ ಗೆಳೆಯರು ಪಿಸಾರೋವಿನಿಂದ ಮುಖ ತಿರುಗಿಸಿದರು. ಅವನು ಮಾತ್ರ ದೆಗಾನ ಕಲೆಯನ್ನು ಮೆಚ್ಚುವುದನ್ನು ಬಿಡಲಿಲ್ಲ. 1903ನೆಯ ನವೆಂಬರ್ 13ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ಅವನು ಕಣ್ಣುಮುಚ್ಚಿದನು.

ಪಿಸಾರೋ ನಮ್ಮ ಧರ್ಮದವನಲ್ಲ. ಹುಟ್ಟಿದ ಯೆಹೂದ್ಯ ಮತವನ್ನಾದರೂ ಆಚರಿಸಿದವನಲ್ಲ. ದೇವರನ್ನು ನಂಬದವನೆಂದೇ ಅವನನ್ನು ಎಣಿಸಬೇಕು. ಇದನ್ನು ಮರೆಮಾಚುವುದು ಸತ್ಯಕ್ಕೆ ತಕ್ಕುದಲ್ಲ. ಆದರೆ ನಮ್ಮ ಕರ್ತನು ಪರಲೋಕದ ರಾಜ್ಯವನ್ನು ತಿಳಿಸುವಾಗ ಅರಮನೆಗಳನ್ನೂ ರಥಗಳನ್ನೂ ಹುಡುಕಿಕೊಂಡು ಹೋಗಲಿಲ್ಲವೆಂಬುದನ್ನು ನಮ್ಮ ಸಾಲೆಯ ಮಕ್ಕಳು ಬಲ್ಲರು. ಬಿತ್ತುವವನು, ಹಿಟ್ಟನ್ನು ನಾದುವ ಹೆಂಗಸು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು, ಹೊಲದ ಹೂವು, ಇವೇ ಆತನಿಗೆ ಸಾಕಾದವು. ಇಂಥವುಗಳನ್ನು ತಾಳ್ಮೆಯಿಂದ ನೋಡಲು ಕಲಿಸುವವನು ಯಾವ ಮತದವನಾದರೂ ಆತನಿಗೆ ನಾವು ಕೃತಜ್ಞರಾಗಿರಬೇಕು.

ಇನ್ನು ಆ ನೆರಳುಗಳ ವಿಷಯ. ಮೇಲೆ ಹೇಳಿದ ಗೃಹಸ್ಥರ ಮಗಳು ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಕೇಳಿದರೆ ಮಾತ್ರ ಮಾತಾಡುವವಳು. ಒಂದು ದಿನ ಚಿತ್ರದಲ್ಲಿ ಕಾಣುವುದನ್ನು ಬರೆಯಿರೆಂದು ವರ್ಗಕ್ಕೆ ಹೇಳಿದೆವು. ಉಳಿದವರು ಹೊಲ, ಹಾದಿ, ಮುದುಕ ಎಂದು ಬರೆದರು. ಈ ಹುಡುಗಿಯೊಬ್ಬಳೇ, ನೆಲದ ಮೇಲೆ ಮರಗಳ ನೆರಳಿದೆಯೆಂದೂ, ಮರಗಳು ಕಾಣದ ಕಾರಣ ಅವು ನಾವು ನಿಂತ ಕಡೆಗೇ ಇರಬೇಕೆಂದೂ, ಆದುದರಿಂದ ನಾವೂ ಅದೇ ಹಾದಿಯ ಬದಿಯಲ್ಲಿ ನಿಂತಿದ್ದೇವೆಂದೂ ಬರೆದಳು. ಪ್ಯಾರಿಸಿನ ವಿಮರ್ಶಕನು ದೋಷವೆಂದು ಎಣಿಸಿದುದರ ಅರ್ಥವನ್ನು ಬೀಡಿಯ ಹುಡುಗಿಯು ತಾನಾಗಿ ಕಂಡಿದ್ದಳು. ಬೆಳಗಿನ ಹಾದಿಯಲ್ಲಿ ನಡೆದು ಬಂದವಳಿಗೆ ಅದು ಒಗಟಾಗಿರಲಿಲ್ಲ.

ಮರುವರ್ಷದ ಸ್ನೇಹಸಮ್ಮೇಲನಕ್ಕೆ ಅವಳ ತಾಯಿಯು ಮೊದಲ ಸಲ ಬಂದರು. ಬಾಗಿಲಲ್ಲಿಯೇ ನಿಂತಿದ್ದ ತಾಯಿಯನ್ನು ಹುಡುಗಿಯು ಕೈಹಿಡಿದು ಗೆಳತಿಯರ ನಡುವಿನಿಂದ ಕರೆದುಕೊಂಡು ಬಂದು ಚಿತ್ರದ ಮುಂದೆ ನಿಲ್ಲಿಸಿದಳು. ಹಿಂದಿನ ವರ್ಷ ಅವಳು ಊರಿನ ವಿಷಯ ಕೇಳಿದರೆ ಮಾತು ಮರೆಸುತ್ತಿದ್ದಳೆಂಬುದು ನಮಗೆ ಗೊತ್ತು. ಆ ತಾಯಿಯು ಚಿತ್ರವನ್ನು ಚೆಂದವೆನ್ನಲಿಲ್ಲ. ಸ್ವಲ್ಪ ಹೊತ್ತು ನೋಡಿ, ಈತನು ಕತ್ತಲಿರುವಾಗಲೇ ಮನೆ ಬಿಟ್ಟಿದ್ದಾನೆಂದೂ, ಹೊರೆಯಲ್ಲಿರುವುದು ಬರಿಯ ಪುಳ್ಳೆಯಾದುದರಿಂದ ಎರಡು ದಿನದ ಒಲೆಗೂ ಸಾಲದೆಂದೂ, ನೆಲವು ಜಾರುವ ಹೊತ್ತಿನಲ್ಲಿ ಕೋಲು ಹಿಡಿದದ್ದು ಒಳ್ಳೆಯದಾಯಿತೆಂದೂ ಮಗಳಿಗೆ ಹೇಳಿದರು. ನಾವು ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಬಂದ ಯಾವ ಪಾಠವೂ ಆ ಚಿತ್ರವನ್ನು ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಆ ಗೃಹಸ್ಥರಿಗೆ ನಮ್ಮ ಉತ್ತರವು ಇದೇ. ಮಗಳು ಹೊರೆ ಹೊರಲೆಂದು ಈ ಚಿತ್ರವನ್ನು ತೂಗಹಾಕಲಿಲ್ಲ. ಓದಿ ಎಷ್ಟು ದೂರ ಹೋದರೂ, ಹೊರೆ ಹೊತ್ತು ತನ್ನನ್ನು ಓದಿಸಿದವರನ್ನು ಕಂಡಾಗ ಅವಳು ತಲೆ ತಗ್ಗಿಸಬಾರದೆಂದು ತೂಗಹಾಕಿದೆವು. ಚಿತ್ರದಲ್ಲಿ ಮರಗಳು ಕಾಣಿಸದಿದ್ದರೂ ಅವುಗಳ ನೆರಳು ಹೊಲದ ಮೇಲೆ ಇದೆ. ನಮ್ಮ ವಿದ್ಯಾರ್ಥಿನಿಯರ ಪ್ರಶಸ್ತಿಪತ್ರಗಳಲ್ಲಿ ಹೆಸರಿಲ್ಲದ ತಂದೆತಾಯಿಗಳೂ ಹಾಗೆಯೇ.

ಹಳೆಯ ವಿದ್ಯಾರ್ಥಿನಿಯರೇ, ನೀವು ಊರಿಗೆ ಹೋಗುವಾಗ ಖಾನಾಪುರ ದಾಟಿದ ಮೇಲೆ ಒಮ್ಮೆ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿರಿ. ಸಾಲೆಗೆ ಬಂದಾಗ ಚಿತ್ರಕಲೆಯ ಕೋಣೆಗೂ ಬನ್ನಿರಿ. ಚಿತ್ರವು ಇದ್ದ ಸ್ಥಳದಲ್ಲಿಯೇ ಇದೆ. ದೇವರು ನಿಮ್ಮೆಲ್ಲರ ಮನೆಗಳನ್ನೂ ಹೊಲಗಳನ್ನೂ ಆಶೀರ್ವದಿಸಲಿ.